ಅಜ್ಜಿಯ ಮುಖ ಕೂಡಿಟ್ಟ ರಾಜ

ಹಾಸನದ ಶೆಟ್ಟಿಹಳ್ಳಿ ಅಂದ್ರೆ ನಮ್ಮ ಕ್ಲಾಸಿನವರಿಗೆಲ್ಲ ನೀರಲ್ಲಿ ನಿಂತಿರೋ ಚರ್ಚ್ ನೆನಪಾಗುತ್ತೆ. ನನಗೆ ಅದರ ಹತ್ತಿರ ಇರೋ ತಾತನ ಮನೆ, ಅಲ್ಲಿನ ಟ್ರಂಕು ನೆನಪಾಗುತ್ತೆ. ಹೋದ ರಜೆಯಲ್ಲಿ ಆ ಟ್ರಂಕಲ್ಲಿ ಮುತ್ತಾತನಿಗೆ ಬಂದಿದ್ದ ಒಂದು ಹಳೇ ಲಕೋಟೆ ಸಿಕ್ತು. ಸ್ಟಾಂಪ್ ಮೇಲೆ ಗಡ್ಡದ ರಾಜ, ಐದನೇ ಜಾರ್ಜ್. ಬಿಡಿಸಿ ಮಾರೋಣ ಅಂತ ಬಟ್ಟಲಲ್ಲಿ ನೀರೂ ತಂದಿಟ್ಟೆ. ಅಷ್ಟರಲ್ಲಿ ಈ ರಾಜ ಯಾರು ಅಂತ ಓದೋಕೆ ಕೂತೆ.

ಜಾರ್ಜ್ ಹುಟ್ಟಿದ್ದು ಲಂಡನ್ನಿನಲ್ಲಿ, 1865ರ ಜೂನ್ 3ರಂದು. ಎರಡನೇ ಮಗ, ಹಾಗಾಗಿ ಪಟ್ಟ ಸಿಗುತ್ತೆ ಅಂತ ಯಾರೂ ಎಣಿಸಿರಲಿಲ್ಲ. 12ನೇ ವಯಸ್ಸಿಗೇ ನೌಕಾಪಡೆಗೆ ಸೇರಿಸಿದರು. ಹಡಗಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳನ್ನೂ ನೋಡಿಬಂದ. 1892ರಲ್ಲಿ ಅಣ್ಣ ತೀರಿಕೊಂಡ ಮೇಲೆ ಪಟ್ಟದ ಭಾರ ಇವನ ಕಡೆ ಬಂತು. ಸ್ಟಾಂಪ್ ಹುಚ್ಚು ಹತ್ತಿದ್ದು ಚಿಕ್ಕಪ್ಪ ಆಲ್ಫ್ರೆಡ್‌ನಿಂದ. 1896ರಲ್ಲಿ ಲಂಡನ್ನಿನ ಅಂಚೆಚೀಟಿ ಸಂಘಕ್ಕೆ ಜಾರ್ಜ್‌ನೇ ಅಧ್ಯಕ್ಷನಾದ.

ಬ್ರಿಟಿಷ್ ಸಾಮ್ರಾಜ್ಯದ ಸ್ಟಾಂಪ್‌ಗಳನ್ನೆಲ್ಲ ಕೂಡಿಸೋದು ಅವನ ಗುರಿ. ಅದರಲ್ಲಿ ಕೆರಿಬಿಯನ್ನಿನ ಪುಟ್ಟ ದ್ವೀಪಗಳೂ ಬಂದವು. ಗ್ರೆನಡಾನೇ ತಗೊಳ್ಳಿ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅದರ ಮೊದಲ ಸ್ಟಾಂಪ್ 1861ರದ್ದು, ಮುದ್ರಿಸಿದ್ದು ಲಂಡನ್ನಿನ ಪರ್ಕಿನ್ಸ್ ಬೇಕನ್ ಕಂಪನಿ. ಉಕ್ಕಿನ ಅಚ್ಚಲ್ಲಿ ಒಮ್ಮೆ ಮುಖ ಕೆತ್ತಿ, ಗಟ್ಟಿಮಾಡಿ, ರೋಲರ್ ಮೂಲಕ ಪ್ಲೇಟಿನ ತುಂಬಾ ಅದೇ ಮುಖ ಒತ್ತುತ್ತಿದ್ದರು. ಮೆಕ್ಯಾನಿಕಲ್‌ನವರಿಗೆ ಇಷ್ಟವಾಗೋ ಕೆಲಸ. ಆದರೆ ಆ ಮುಖ ವಿಕ್ಟೋರಿಯಾಳದ್ದು, ಅಂದ್ರೆ ಜಾರ್ಜ್‌ನ ಸ್ವಂತ ಅಜ್ಜಿ! ಗುಲಾಮಗಿರಿ ಕಾನೂನಿನಲ್ಲಿ ಹೋಗಿ 30 ವರ್ಷವೂ ಆಗಿರದ ದ್ವೀಪದ ಜನ, ತಮ್ಮ ಕಾಗದಕ್ಕೆ ಆಳುವವಳ ಮುಖವನ್ನೇ ಅಂಟಿಸಬೇಕಿತ್ತು. ಹೆಚ್ಚುಕಡಿಮೆ ಅದೇ ಕಾಲದ ನೆವಿಸ್ ದ್ವೀಪದ ಸ್ಟಾಂಪ್‌ನಲ್ಲಿ ಮಾತ್ರ ರಾಣಿ ಇಲ್ಲ. ಊರಿನ ಔಷಧಿ ಬುಗ್ಗೆಯ ಹತ್ತಿರ ರೋಗಿಗೆ ನೀರು ಕೊಡೋ ಹೆಂಗಸಿದ್ದಾಳೆ.

1904ರಲ್ಲಿ ಮಾರಿಷಸ್‌ನ ಒಂದೇ ಒಂದು ಸ್ಟಾಂಪ್‌ಗೆ ಜಾರ್ಜ್ 1,450 ಪೌಂಡ್ ಕೊಟ್ಟ. ಅಷ್ಟು ದುಡ್ಡು ಸುರಿದ ಮೂರ್ಖ ಯಾರು ಅಂತ ಆಸ್ಥಾನದವನೊಬ್ಬ ಆಡಿಕೊಂಡಾಗ, ಆ ಮೂರ್ಖ ತಾನೇ ಅಂತ ಜಾರ್ಜ್ ಒಪ್ಪಿಕೊಂಡ ಅನ್ನೋ ಕಥೆ ಇದೆ. 1906ರ ಫೆಬ್ರವರಿ 5ರಂದು ಬೆಂಗಳೂರಿಗೆ ಬಂದು ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ಪ್ರತಿಮೆ ಅನಾವರಣ ಮಾಡಿದ. ಇಲ್ಲೂ ಅದೇ ಅಜ್ಜಿಯ ಮುಖ.

1910ರಲ್ಲಿ ರಾಜನಾದ. ಆಮೇಲೆ ನಮ್ಮ ಸ್ಟಾಂಪ್‌ಗಳ ಮೇಲೆ ಅವನ ಮುಖವೇ ಬಂತು. ಮೊದಲ ಮಹಾಯುದ್ಧ, ಜಲಿಯನ್‌ವಾಲಾ ಬಾಗ್ ಎರಡೂ ಅವನ ಕಾಲದಲ್ಲೇ ಆದವು. ಅದರ ನಡುವೆಯೂ ಆಲ್ಬಂ ಬಿಡಲಿಲ್ಲ. 1936ರ ಜನವರಿ 20ರಂದು ಸತ್ತಾಗ ಬಿಟ್ಟುಹೋದ ಕೆಂಪು ಆಲ್ಬಂಗಳು 328.

ಓದಿ ಮುಗಿಸಿ ಬಟ್ಟಲಿನ ನೀರು ಚೆಲ್ಲಿದೆ. ಆ ಸ್ಟಾಂಪ್ ಅಪರೂಪದ್ದೇನಲ್ಲ, ಮಾರಿದ್ರೆ ಕಾಫಿ ದುಡ್ಡೂ ಹುಟ್ಟಲ್ಲ. ಆದರೆ ಲಕೋಟೆ ಮೇಲೆ ಮುತ್ತಾತನ ಹೆಸರಿದೆ, ಕೆಳಗೆ ಊರಿನ ಹೆಸರಿದೆ. ಆ ಊರು ಈಗ ಹೇಮಾವತಿ ಹಿನ್ನೀರಿನ ಕೆಳಗಿದೆ. ರಾಜ ತನ್ನ ಮನೆಯವರ ಮುಖಗಳನ್ನ ಜೋಪಾನ ಮಾಡಿದ. ನಮ್ಮ ವಿಳಾಸವನ್ನ ನಾವೇ ಜೋಪಾನ ಮಾಡ್ಕೋಬೇಕು. ನಿಮ್ಮನೇಲೂ ಅಂಥ ಲಕೋಟೆ ಇದ್ರೆ, ದಯವಿಟ್ಟು ಸ್ಟಾಂಪ್ ಬಿಡಿಸಬೇಡಿ.