ಒಂದು ನಾಯಿಯ ಹೃದಯ, ಒಬ್ಬ ವಿದ್ಯಾರ್ಥಿಯ ಪ್ರಾಣ

1993ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಹೃದಯದ ಕವಾಟಕ್ಕೆ ಸೋಂಕು ತಗುಲಿದ್ದ ನಾಯಿಯೊಂದರಲ್ಲಿ ಬಾರ್ಟೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದೆ ಕ್ಯಾಲಿಫೋರ್ನಿಯಾದ ಕಯೋಟಿಗಳಲ್ಲೂ (ತೋಳಕ್ಕಿಂತ ಚಿಕ್ಕ ಕಾಡುಪ್ರಾಣಿ ಅದು) ಅದೇ ಕ್ರಿಮಿ ಕಂಡಿತು. ಕಯೋಟಿ ಆರಾಮಾಗಿ ಓಡಾಡುತ್ತೆ, ನಾಯಿಯ ಕವಾಟ ಹಾಳಾಗುತ್ತೆ. ಒಂದೇ ಕ್ರಿಮಿಗೆ ಎರಡು ಮುಖ. ಈ ಬಳಗದ ಕ್ರಿಮಿಗಳ ಇಂಥದ್ದೇ ಗುಣವನ್ನ ತನ್ನ ಮೈಮೇಲೆ ಪರೀಕ್ಷಿಸಿ ಸತ್ತವನು ಪೆರುವಿನ ಡ್ಯಾನಿಯೆಲ್ ಅಲ್ಸಿಡೆಸ್ ಕರಿಯೋನ್.

ಹುಟ್ಟಿದ್ದು 1857ರಲ್ಲಿ, ಸೆರೊ ದೆ ಪಾಸ್ಕೊ ಎಂಬ ಗಣಿ ಊರಲ್ಲಿ. ಅಪ್ಪ ಅಮ್ಮನಿಗೆ ಮದುವೆಯಾಗಿರಲಿಲ್ಲ. ಲಿಮಾದಲ್ಲಿ ವೈದ್ಯಕೀಯ ಓದುತ್ತಿದ್ದ. 1870ರಲ್ಲಿ ಅಲ್ಲಿಂದ ಆಂಡಿಸ್ ಬೆಟ್ಟದತ್ತ ರೈಲುಮಾರ್ಗ ಹಾಕೋಕೆ ಶುರುವಾಗಿತ್ತು. ಎಂಜಿನಿಯರಿಂಗ್ ಓದಿದ ನನಗೆ ಆ ಮಾರ್ಗ ಬೆರಗೇ. ಆದ್ರೆ ಅದರ ಕೆಲಸಕ್ಕೆ ಬಂದ ಕೂಲಿಗಳು ಜ್ವರ ಬಂದು, ರಕ್ತ ಬತ್ತಿ, ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಸತ್ತದ್ದು ದಾರಿಯ ಕಣಿವೆಗಳಲ್ಲಿ. ಜ್ವರಕ್ಕೆ ಹೆಸರು ಬಿದ್ದದ್ದು ಮಾರ್ಗ ಮುಟ್ಟಬೇಕಿದ್ದ ಒರೋಯಾ ಊರಿನದು!

ಅದೇ ಕಣಿವೆಗಳ ಜನರಿಗೆ ಮೈಮೇಲೆ ರಕ್ತ ಸೋರುವ ನರಹುಲಿಗಳೂ ಆಗುತ್ತಿದ್ದವು. ಎರಡೂ ಬೇರೆ ರೋಗ ಅಂತ ಹಲವರ ನಂಬಿಕೆ. 1885ರ ಆಗಸ್ಟ್ 27ರಂದು, ಗೆಳೆಯರು ಬೇಡವೆಂದರೂ ಕೇಳದೆ, ಕರಿಯೋನ್ ಆಸ್ಪತ್ರೆಯಲ್ಲಿದ್ದ ಹುಡುಗನೊಬ್ಬನ ನರಹುಲಿಯ ರಕ್ತವನ್ನ ತನ್ನ ತೋಳುಗಳಿಗೆ ಚುಚ್ಚಿಸಿಕೊಂಡ. ಮೂರು ವಾರಕ್ಕೆ ಬಂದದ್ದು ನರಹುಲಿಯಲ್ಲ, ಕೂಲಿಗಳನ್ನು ಕೊಂದ ಅದೇ ಜ್ವರ. ಲಕ್ಷಣಗಳನ್ನ ತಾನೇ ಬರೆದಿಡುತ್ತಿದ್ದ. ಕೈಲಾಗದಾಗ ಸಹಪಾಠಿಗಳಿಗೆ ಒಪ್ಪಿಸಿದ. ಅಕ್ಟೋಬರ್ 5ರಂದು ತೀರಿಕೊಂಡ. ವಯಸ್ಸು 28.

ಚುಚ್ಚಲು ನೆರವಾದ ವೈದ್ಯರ ಮೇಲೆ ಕೊಲೆ ಆರೋಪ ಬಂತು. ಇದನ್ನ ಹುಚ್ಚು ಸಾಹಸ ಅನ್ನೋರಿದ್ದಾರೆ. ನಾನು ಒಪ್ಪಲ್ಲ, ಅವನ ಪ್ರಶ್ನೆ ಸರಿಯಾಗಿತ್ತು, ಉತ್ತರವೂ. ಆದ್ರೂ 1913ರಲ್ಲಿ ಪೆರುವಿಗೆ ಬಂದ ಹಾರ್ವರ್ಡ್ ತಂಡ ಎರಡೂ ಬೇರೆ ರೋಗ ಅಂತಲೇ ಹೇಳಿತು! ಅದು ತಪ್ಪು ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದು ಹಿಡೆಯೊ ನೊಗುಚಿ, 1920ರ ದಶಕದಲ್ಲಿ. ಅಷ್ಟರಲ್ಲಾಗಲೇ ಲಿಮಾದ ವೈದ್ಯ ಆಲ್ಬರ್ಟೊ ಬಾರ್ಟನ್ ಕೆಂಪು ರಕ್ತಕಣಗಳೊಳಗೆ ಈ ಕ್ರಿಮಿಯನ್ನ ಕಂಡು, 1909ರಲ್ಲಿ ಪ್ರಕಟಿಸಿದ್ದರು. ಕ್ರಿಮಿಗೆ ಅವರ ಹೆಸರು, ರೋಗಕ್ಕೆ ಕರಿಯೋನ್ ಹೆಸರು.

ನಾಯಿಯ ಹೃದಯದಲ್ಲಿ ಸಿಕ್ಕಿದ್ದು ಇದರ ದಾಯಾದಿ. ಕರಿಯೋನ್ ರೋಗಕ್ಕೆ ಮಾತ್ರ ಇನ್ನೂ ಯಾವ ಕಯೋಟಿಯೂ ಪತ್ತೆಯಾಗಿಲ್ಲ. ಅದನ್ನ ರಕ್ತದಲ್ಲಿ ಸದ್ದಿಲ್ಲದೆ ಹೊತ್ತು ತಿರುಗೋದು ಮನುಷ್ಯರೇ. ಒಬ್ಬರಿಂದ ಒಬ್ಬರಿಗೆ ದಾಟಿಸೋದು ಮರಳುನೊಣ.