ಬಣ್ಣಕ್ಕೆ ಅಂಕಿಯ ವಿಳಾಸ ಕೊಟ್ಟ ಕಲಾವಿದ ಆಲ್ಬರ್ಟ್ ಮನ್ಸೆಲ್

ಮನೆಗೆ ಬಣ್ಣ ಬಳಿಸುವವರಿಗೆ ಈ ಪೇಚು ಅಪರಿಚಿತವಲ್ಲ. ಒಂದು ಕಂಪನಿಯ ಶೇಡ್ ಕಾರ್ಡಿನಲ್ಲಿ ಸೇಜ್ ಗ್ರೀನ್ ಎಂಬ ಹೆಸರಿನ ಬಣ್ಣವನ್ನು ಮೆಚ್ಚಿ ಹಜಾರದ ಗೋಡೆಗೆ ಬಳಿಸಿರುತ್ತಾರೆ. ವರ್ಷ ಕಳೆದ ಮೇಲೆ ಪಕ್ಕದ ಗೋಡೆಗೂ ಅದೇ ಬೇಕೆನಿಸುತ್ತದೆ. ಬೇರೊಂದು ಕಂಪನಿಯ ಡಬ್ಬಿಯಲ್ಲಿ ಅದೇ ಹೆಸರು ಕಂಡು ತಂದು ಬಳಿದರೆ, ಒಂದು ಗೋಡೆ ಬೂದಿಗೆ ವಾಲಿದೆ, ಇನ್ನೊಂದು ಹಳದಿಗೆ ವಾಲಿದೆ. ಸೇಜ್ ಎಂಬುದು ಮೆಡಿಟರೇನಿಯನ್ ಸೀಮೆಯ ಅಡುಗೆಮನೆಗಳಲ್ಲಿ ಬಳಕೆಯಾಗುವ, ಬೂದು ಮುಸುಕಿದ ಹಸಿರೆಲೆಯ ಗಿಡ. ಆ ಗಿಡವನ್ನೇ ನೋಡದವರು ಅದರ ಎಲೆಯ ಬಣ್ಣವನ್ನು ಅಂಗಡಿಯಲ್ಲಿ ಹೆಸರು ಹೇಳಿ ಕೇಳಬೇಕಾಗಿದೆ. ನಮ್ಮ ಗಿಳಿಹಸಿರು, ಪಾಚಿಹಸಿರುಗಳ ಪಾಡೂ ಇದಕ್ಕಿಂತ ಭಿನ್ನವಲ್ಲ.

ಹೆಸರಿನಿಂದ ಬಣ್ಣವನ್ನು ಹಿಡಿದಿಡಲು ಆಗದು ಎಂಬುದನ್ನು ನೂರು ವರ್ಷಕ್ಕೂ ಹಿಂದೆ ಮನಗಂಡು, ಆ ಒಂದೇ ಪ್ರಶ್ನೆಗೆ ಬದುಕಿನ ಉತ್ತರಾರ್ಧವನ್ನು ಮುಡಿಪಿಟ್ಟವರು ಅಮೆರಿಕದ ಚಿತ್ರಕಾರ, ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಹೆನ್ರಿ ಮನ್ಸೆಲ್.

1905ರಲ್ಲಿ ಪ್ರಕಟವಾದ ತಮ್ಮ ಪುಸ್ತಕವನ್ನು ಅವರು ಆರಂಭಿಸಿದ್ದೇ ಒಂದು ಗೋಡೆಯ ಕಥೆಯಿಂದ. ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ನೆಲೆಸಿದ್ದ ಕಾಲವದು. 1892ರಲ್ಲಿ ಅವರು ಲಂಡನ್ನಿನ ಗೆಳೆಯ ಸಿಡ್ನಿ ಕಾಲ್ವಿನ್‌ಗೆ ಪತ್ರ ಬರೆದು, ತಮ್ಮ ಪುಟ್ಟ ಬರವಣಿಗೆ ಕೋಣೆಯ ಗೋಡೆಗೆ ಅಂಟಿಸುವ ಕಾಗದದ ಮಾದರಿಗಳನ್ನು ಕೇಳಿದ್ದರು. ಬೇಕಾದದ್ದು ಮಿರುಗದ ಒಂದು ಬಗೆಯ ಕೆಂಪು. ಆದರೆ ಆ ಕೆಂಪು ಯಾವುದೆಂದು ತಿಳಿಸಲು ಹೊರಟ ಆ ಶಬ್ದಪ್ರಭು ದೇಶದೇಶಗಳ ಕೆಂಪಿನ ಹೆಸರುಗಳನ್ನು ಒಂದೊಂದಾಗಿ ತಂದು, ಯಾವುದೂ ಒಪ್ಪದೆ ಸೋತು ಕೈಚೆಲ್ಲಿದರು. ಭಾಷೆಯೇ ವೃತ್ತಿಯಾದವನ ಗತಿ ಹೀಗಾದರೆ ಉಳಿದವರ ಪಾಡೇನು ಎಂಬುದು ಮನ್ಸೆಲ್ ಅವರ ವಾದದ ತಿರುಳಾಗಿತ್ತು.

ಮನ್ಸೆಲ್ ಹುಟ್ಟಿದ್ದು 1858ರ ಜನವರಿ 6ರಂದು, ಬಾಸ್ಟನ್ ನಗರದಲ್ಲಿ. ಚಿತ್ರಕಲಾ ಶಿಕ್ಷಕರನ್ನು ತಯಾರು ಮಾಡಲೆಂದು 1873ರಲ್ಲಿ ಅಲ್ಲಿ ಸ್ಥಾಪನೆಯಾಗಿದ್ದ ಮ್ಯಾಸಚೂಸೆಟ್ಸ್ ನಾರ್ಮಲ್ ಆರ್ಟ್ ಸ್ಕೂಲಿನಲ್ಲಿ ಕಲಿತರು, ಅಲ್ಲಿಯೇ ಶಿಕ್ಷಕರಾದರು. ಪ್ಯಾರಿಸ್ಸಿಗೆ ತೆರಳಿ ಅಲ್ಲಿನ ಪ್ರಸಿದ್ಧ ಕಲಾಶಾಲೆಗಳಲ್ಲಿ ಹೆಚ್ಚಿನ ಅಭ್ಯಾಸ ಮಾಡಿದರು. ಕಡಲಿನ ದೃಶ್ಯಗಳು ಮತ್ತು ಭಾವಚಿತ್ರಗಳು ಅವರಿಗೆ ಹೆಸರು ತಂದವು. ದೃಷ್ಟಿ ಮತ್ತು ಶ್ರವಣಶಕ್ತಿ ಎರಡನ್ನೂ ಕಳೆದುಕೊಂಡಿದ್ದ ಬಾಲಕಿ ಹೆಲೆನ್ ಕೆಲರ್ ಅವರ ಭಾವಚಿತ್ರವನ್ನು ಮನ್ಸೆಲ್ ಬರೆದದ್ದೂ 1892ರಲ್ಲಿಯೇ.

ಯೌವನದಲ್ಲಿಯೇ ಅವರನ್ನು ಸೆಳೆದದ್ದು ಭೌತವಿಜ್ಞಾನಿ ಆಗ್ಡನ್ ರೂಡ್ ಅವರು 1879ರಲ್ಲಿ ಹೊರತಂದ ವರ್ಣವಿಜ್ಞಾನದ ಗ್ರಂಥ. ಮುಂದೆ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಬಣ್ಣ ಕಲಿಸಬೇಕಾದಾಗ, ಆಲಿವ್, ಪ್ಲಮ್, ಗುಲಾಬಿ ಎಂಬ ಹಣ್ಣು ಹೂವಿನ ಹೆಸರುಗಳ ಹೊರತು ಬೇರೆ ಭಾಷೆಯೇ ಇಲ್ಲವೆಂಬುದು ಅವರನ್ನು ಕಾಡಿತು. ಸಂಗೀತಕ್ಕೆ ಸ್ವರಲಿಪಿ ಇದೆ. ಒಬ್ಬ ಬರೆದ ರಾಗವನ್ನು ಕಡಲಾಚೆಯ ಇನ್ನೊಬ್ಬ ನುಡಿಸಬಲ್ಲ. ಬಣ್ಣಕ್ಕೂ ಅಂಥದೊಂದು ಲಿಪಿ ಇರಬಾರದೇಕೆ ಎಂದು ಅವರು ಯೋಚಿಸಿದರು.

ಅವರು ಕಂಡುಕೊಂಡ ದಾರಿ ಇದು. ಯಾವುದೇ ಬಣ್ಣಕ್ಕೆ ಮೂರು ಗುಣಗಳಿವೆ. ಅದು ಕೆಂಪೋ ಹಸಿರೋ ಎಂಬುದು ಒಂದು, ಇದು ವರ್ಣ. ಎಷ್ಟು ತಿಳಿ, ಎಷ್ಟು ಕಡು ಎಂಬುದು ಎರಡನೆಯದು. ಇದಕ್ಕೆ ಅವರಿಟ್ಟ ಹೆಸರು ವ್ಯಾಲ್ಯೂ. ಕಪ್ಪಿಗೆ ಸೊನ್ನೆ, ಬಿಳಿಗೆ ಹತ್ತು. ಬೂದಿನಿಂದ ಎಷ್ಟು ದೂರ ಸರಿದು ರಂಗೇರಿದೆ ಎಂಬುದು ಮೂರನೆಯದು, ಇದು ಕ್ರೋಮಾ. ಕೆಂಪು, ಹಳದಿ, ಹಸಿರು, ನೀಲಿ, ನೇರಳೆ ಎಂಬ ಐದು ಮುಖ್ಯ ವರ್ಣಗಳನ್ನೂ ಅವುಗಳ ನಡುವಿನ ಐದನ್ನೂ ವೃತ್ತದಲ್ಲಿ ಜೋಡಿಸಿದರು. ಈ ಲಿಪಿಯಲ್ಲಿ 5ಜಿವೈ 6/2 ಎಂದು ಬರೆದರೆ, ಹಳದಿಗೂ ಹಸಿರಿಗೂ ನಡುವಿನ ವರ್ಣ, ನಡುಮಟ್ಟಕ್ಕಿಂತ ತುಸು ತಿಳಿ, ಬೂದಿಗೆ ತೀರಾ ಹತ್ತಿರ ಎಂದರ್ಥ. ಸೇಜ್ ಗ್ರೀನ್ ಎಂದು ಕರೆಯಲಾಗುವ ಅನೇಕ ಛಾಯೆಗಳು ಈ ಆಸುಪಾಸಿನಲ್ಲಿಯೇ ಬರುತ್ತವೆ. ಹೆಸರು ಹೇಳದೆಯೇ ಬಣ್ಣ ತಿಳಿಯುತ್ತದೆ. ಯಾವ ಕಂಪನಿಯ ಡಬ್ಬಿ ಎಂಬುದು ಇಲ್ಲಿ ಅಪ್ರಸ್ತುತ.

ಮೊದಲಿಗೆ ಮನ್ಸೆಲ್ ಕಲ್ಪಿಸಿದ್ದು ಒಂದು ಗೋಳವನ್ನು. ಮೇಲೆ ಬಿಳಿ, ಕೆಳಗೆ ಕಪ್ಪು, ನಡುಗೆರೆಯ ಸುತ್ತ ವರ್ಣಗಳು. ಭೂಗೋಳದಂತೆ ಸುಂದರವಾದ ಈ ವರ್ಣಗೋಳಕ್ಕೆ 1900ರ ಜನವರಿಯಲ್ಲಿ ಪೇಟೆಂಟ್ ಕೂಡ ದೊರೆಯಿತು. ಆದರೆ ನಿಜವಾದ ಬಣ್ಣದ ಪುಡಿಗಳು ಗೋಳದ ಮಾತು ಕೇಳಲಿಲ್ಲ. ಅವರ ಅಳತೆಯಲ್ಲಿ ಕೆಂಪಿನ ಕ್ರೋಮಾ ಹತ್ತು ಮೆಟ್ಟಿಲು ದಾಟುವಾಗ ನೀಲಿಹಸಿರು ಐದಕ್ಕೇ ನಿಲ್ಲುತ್ತಿತ್ತು. ಹಳದಿ ತನ್ನ ಪೂರ್ಣ ರಂಗನ್ನು ತೋರುವುದು ಬಿಳಿಯ ಸಮೀಪದಲ್ಲಿ, ನೇರಳೆ ಕಪ್ಪಿನ ಸಮೀಪದಲ್ಲಿ. ಬೇರೆ ಯಾರಾದರೂ ಆಗಿದ್ದರೆ ಅಳತೆಯನ್ನೇ ಹಿಗ್ಗಿಸಿ ಕುಗ್ಗಿಸಿ ಗೋಳವನ್ನು ಉಳಿಸಿಕೊಳ್ಳುತ್ತಿದ್ದರೇನೋ. ಮನ್ಸೆಲ್ ಗೋಳವನ್ನೇ ಸಡಿಲಬಿಟ್ಟರು. ಅದರ ಜಾಗದಲ್ಲಿ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಕೊಂಬೆಗಳುಳ್ಳ ವರ್ಣವೃಕ್ಷ ಬಂತು. ನೋಡಲು ಸೊಟ್ಟಗಿದ್ದ ಈ ಮರವೇ ಅವರ ಪದ್ಧತಿಯನ್ನು ಉಳಿಸಿತು. ಹೊಸದಾಗಿ ತಯಾರಾದ ಯಾವುದೇ ಉಜ್ವಲ ಬಣ್ಣಕ್ಕೆ ಕೊಂಬೆಯನ್ನು ಮತ್ತಷ್ಟು ಉದ್ದ ಮಾಡಿದರಾಯಿತು.

ಉಪಕರಣಗಳ ವಿಷಯದಲ್ಲಿ ಅವರಿಗೆ ವಿಜ್ಞಾನಿಯ ಹಟವಿತ್ತು. ಬಣ್ಣದ ತಟ್ಟೆಗಳನ್ನು ಒಂದರೊಳಗೊಂದು ಸಿಕ್ಕಿಸಿ ವೇಗವಾಗಿ ತಿರುಗಿಸಿ, ಅವು ಬೆರೆತು ಬರಿಯ ಬೂದು ಕಾಣುವ ತನಕ ಪಾಲು ಬದಲಿಸುತ್ತಿದ್ದರು. ಬೆಳಕಿನ ಪ್ರಮಾಣ ಅಳೆಯಲು ಫೋಟೋಮೀಟರ್ ರೂಪಿಸಿದರು. 1905ರಲ್ಲಿ ಅಮೆರಿಕಕ್ಕೆ ಬಂದ ಜರ್ಮನಿಯ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರೊಂದಿಗೂ ಭೇಟಿ ನಡೆಯಿತು. ಮುಂದೆ ನೊಬೆಲ್ ಪುರಸ್ಕೃತರಾದ ಓಸ್ಟ್‌ವಾಲ್ಡ್ ತಮ್ಮದೇ ವರ್ಣಪದ್ಧತಿಯನ್ನು ರಚಿಸಿ ಮನ್ಸೆಲ್ ಪದ್ಧತಿಗೆ ಪ್ರತಿಸ್ಪರ್ಧಿಯಾದರು. ಶಾಲಾ ಮಕ್ಕಳ ಕೈಗೆ ಮೊದಲೇ ಕಣ್ಣು ಕುಕ್ಕುವ ಬಣ್ಣ ಕೊಡಬಾರದು, ಮಂದ ಬಣ್ಣಗಳಿಂದ ಕಣ್ಣನ್ನು ಪಳಗಿಸಬೇಕು ಎಂಬ ಅವರ ನಿಲುವು ಮಾತ್ರ ಎಲ್ಲರಿಗೂ ರುಚಿಸಲಿಲ್ಲ. ಮಕ್ಕಳಿಗಂತೂ ಖಂಡಿತ ರುಚಿಸಿರಲಾರದು.

ಪುಸ್ತಕದಲ್ಲಿ ಅಂಕಿ ಬರೆದರೆ ಸಾಲದು, ಅಂಕಿಯ ಎದುರು ಬಣ್ಣದ ಚೂರೂ ಇರಬೇಕು. 1915ರಲ್ಲಿ ಮನ್ಸೆಲ್ ಅವರ ವರ್ಣ ಅಟ್ಲಾಸನ್ನು ಪ್ರಕಟಿಸಿದ್ದು ವ್ಯಾಡ್ಸ್‌ವರ್ತ್ ಹೌಲೆಂಡ್ ಎಂಬ ಬಣ್ಣ ತಯಾರಿಕಾ ಸಂಸ್ಥೆ ಎಂಬುದು ಗಮನಾರ್ಹ. ಯಾವ ಕಂಪನಿಗೂ ಸೇರದ ಭಾಷೆಯನ್ನು ಕಟ್ಟಲು ಹೊರಟವರಿಗೂ ಒಂದು ಕಂಪನಿಯ ಬಣ್ಣವೇ ಬೇಕಾಯಿತು. 1917ರಲ್ಲಿ ತಮ್ಮದೇ ಮನ್ಸೆಲ್ ಕಲರ್ ಕಂಪನಿ ಆರಂಭಿಸಿದರು. ಅದರ ಫಲ ಕಾಣುವ ಭಾಗ್ಯ ಇರಲಿಲ್ಲ. 1918ರ ಜೂನ್ 28ರಂದು, ಬಾಸ್ಟನ್ ಸಮೀಪದ ಬ್ರೂಕ್‌ಲೈನಿನಲ್ಲಿ, ಅರವತ್ತನೆಯ ವಯಸ್ಸಿನಲ್ಲಿ ನಿಧನರಾದರು.

ಮಗ ಅಲೆಕ್ಸಾಂಡರ್ ಕಂಪನಿಯನ್ನು ಮುನ್ನಡೆಸಿದರು. 1929ರಲ್ಲಿ ಪರಿಷ್ಕೃತ ವರ್ಣಗ್ರಂಥ ಹೊರಬಂತು. ಕಂಪನಿಯಲ್ಲಿ ಕೆಲಸ ಕಲಿತ ಡೊರೊಥಿ ನಿಕರ್ಸನ್ ಅಮೆರಿಕದ ಕೃಷಿ ಇಲಾಖೆ ಸೇರಿ ಹತ್ತಿಯ ದರ್ಜೆ ನಿರ್ಣಯಕ್ಕೆ ಬಣ್ಣದ ಅಳತೆಯನ್ನು ತಂದರು. 1943ರಲ್ಲಿ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಸಮಿತಿಯೊಂದು, ಸುಮಾರು 40 ಜನರ ಕಣ್ಣಿನ ಲಕ್ಷಾಂತರ ತೀರ್ಮಾನಗಳನ್ನು ಆಧರಿಸಿ ಮನ್ಸೆಲ್ ಅಂಕಿಗಳನ್ನು ತಿದ್ದಿ ಗಟ್ಟಿಗೊಳಿಸಿತು. ಇಂದು ಈ ಪದ್ಧತಿ ಕರ್ನಾಟಕದ ಹೊಲಗಳಲ್ಲಿಯೂ ಕಾಣಸಿಗುತ್ತದೆ. ಮಣ್ಣು ಸಮೀಕ್ಷೆಗೆ ಬರುವ ತಜ್ಞರು ಕೆಮ್ಮಣ್ಣು, ಎರೆಮಣ್ಣು ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ. ಹೆಂಟೆಯನ್ನು ಒಣಗಿದಂತೆ ಒಮ್ಮೆ, ನೀರು ಚಿಮುಕಿಸಿ ಒಮ್ಮೆ ಮನ್ಸೆಲ್ ಪಟ್ಟಿಯ ಚೂರುಗಳ ಪಕ್ಕದಲ್ಲಿಟ್ಟು ಅಂಕಿ ದಾಖಲಿಸುತ್ತಾರೆ.

ಆದರೂ ಗೋಡೆಯ ಪೇಚು ಪೂರ್ತಿ ಬಗೆಹರಿದಿಲ್ಲ. ಬ್ರಿಟನ್ನಿನ ಬಿಎಸ್ 381ಸಿ ಮಾನದಂಡದಲ್ಲಿ ಸೇಜ್ ಗ್ರೀನ್‌ಗೆ 219 ಎಂಬ ನಿಶ್ಚಿತ ಸಂಖ್ಯೆಯಿದೆ. ಆದರೆ ಕಂಪನಿಗಳು ಗೃಹಬಳಕೆಯ ಬಣ್ಣಗಳಿಗೆ ತಮ್ಮತಮ್ಮ ಹೆಸರು, ತಮ್ಮತಮ್ಮ ಸಂಖ್ಯೆಗಳನ್ನೇ ಇಟ್ಟುಕೊಂಡಿವೆ. ಬಣ್ಣದ ಅಂಗಡಿಯ ಯಂತ್ರ ಹಳೆಯ ಗೋಡೆಯ ಚೂರನ್ನು ಅಳೆದು ಹೊಸ ಡಬ್ಬಿಗೆ ಬಣ್ಣ ಬೆರೆಸಿಕೊಡಬಲ್ಲದು. ಒಂದು ಕಂಪನಿ ಬಳಸುವ ಬಣ್ಣದ ಪುಡಿಯೇ ಬೇರೆ, ಇನ್ನೊಂದರದೇ ಬೇರೆ. ಹಗಲಿನಲ್ಲಿ ಒಂದೇ ಆಗಿ ಕಂಡ ಎರಡು ಗೋಡೆಗಳು ರಾತ್ರಿ ದೀಪ ಹಾಕಿದೊಡನೆ ಬೇರೆಯಾಗಬಹುದು. ವಿಜ್ಞಾನ ಇದನ್ನು ಮೆಟಾಮೆರಿಸಂ ಎನ್ನುತ್ತದೆ. ಮನ್ಸೆಲ್ ಅಂಕಿ ಹೇಳುವುದು ನಿಗದಿತ ಬೆಳಕೊಂದರಲ್ಲಿ ಕಣ್ಣಿಗೆ ಕಾಣುವುದನ್ನೇ ಹೊರತು ಡಬ್ಬಿಯೊಳಗೆ ಏನಿದೆ ಎಂಬುದನ್ನಲ್ಲ. ಸೇಜ್ ಗ್ರೀನ್‌ನಂತಹ ಬೂದು ಬೆರೆತ ಬಣ್ಣಗಳಲ್ಲಿ ಅಲ್ಪ ವ್ಯತ್ಯಾಸವೂ ಎದ್ದು ಕಾಣುವುದರಿಂದ, ಹೊಸ ಬಣ್ಣವನ್ನು ದೊಡ್ಡ ಹಲಗೆಯ ಮೇಲೆ ಎರಡು ಕೋಟ್ ಬಳಿದು, ಪೂರ್ತಿ ಒಣಗಿದ ಮೇಲೆ ಹಳೆಯ ಗೋಡೆಗೆ ಒರಗಿಸಿ, ಬೆಳಗಿನ ಬಿಸಿಲಿನಲ್ಲಿ ಒಮ್ಮೆ, ಸಂಜೆಯ ದೀಪದಲ್ಲಿ ಒಮ್ಮೆ ನೋಡುವ ಕೆಲಸ ಇಂದಿಗೂ ಮನೆಯವರದೇ.