ಎಡ್ವರ್ಡ್ ಬಾಲ್ಫೋರ್

ಎಡ್ವರ್ಡ್ ಗ್ರೀನ್ ಬಾಲ್ಫೋರ್ (1813–1889) ಮದರಾಸು ಮತ್ತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಗಳ ಸ್ಥಾಪನೆಗೆ ಕಾರಣರಾದ ಸ್ಕಾಟ್‌ಲೆಂಡಿನ ವೈದ್ಯರು. ಮಾಂಟ್ರೋಸ್‌ನಲ್ಲಿ ಜನಿಸಿದ ಇವರು ಎಡಿನ್‌ಬರೋದಲ್ಲಿ ವ್ಯಾಸಂಗ ಮಾಡಿ, ಮದರಾಸು ಸೈನ್ಯದ ವೈದ್ಯಕೀಯ ಸೇವೆಗೆ ಸೇರಿದರು.

1851ರಲ್ಲಿ ಮದರಾಸಿನ ಸಂಗ್ರಹಾಲಯ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ಜೀವಂತ ಹುಲಿ, ಚಿರತೆಗಳನ್ನು ಇರಿಸಿದರೆ ನೋಡುಗರು ಹೆಚ್ಚುತ್ತಾರೆಂಬುದನ್ನು ಗಮನಿಸಿ ಅಲ್ಲಿಯೇ ಮೃಗಾಲಯವನ್ನೂ ಬೆಳೆಸಿದರು. ವಿದ್ವಾಂಸರಷ್ಟೇ ಅಲ್ಲದೆ ಜನಸಾಮಾನ್ಯರೂ ಸಂಗ್ರಹಾಲಯಕ್ಕೆ ಬರುವಂತಾದುದು ಇವರ ದೊಡ್ಡ ಸಾಧನೆ. 1857ರಲ್ಲಿ ಭಾರತವನ್ನು ಕುರಿತ ವಿಶ್ವಕೋಶವನ್ನು ಪ್ರಕಟಿಸಿದರು.

ಎಲ್. ಬಿ. ಬೌರಿಂಗ್ ಮೈಸೂರಿನ ಮುಖ್ಯ ಆಯುಕ್ತರಾಗಿದ್ದಾಗ, 1865ರಲ್ಲಿ, ಬಾಲ್ಫೋರರ ಮಾರ್ಗದರ್ಶನದಲ್ಲಿ ಬೆಂಗಳೂರಿನ ಸಂಗ್ರಹಾಲಯ ಸ್ಥಾಪನೆಗೊಂಡಿತು. ಮೊದಲು ಅದು ದಂಡುಪ್ರದೇಶದ ಹಳೆಯ ಸೆರೆಮನೆಯ ಕಟ್ಟಡದಲ್ಲಿತ್ತು; ಮ್ಯೂಸಿಯಂ ರಸ್ತೆಗೆ ಆ ಹೆಸರು ಬಂದುದು ಹೀಗೆ. 1877ರಲ್ಲಿ ಈಗಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ ಸಿದ್ಧವಾಯಿತು. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುವ, 10ನೆಯ ಶತಮಾನದ ಆತಕೂರು ಶಾಸನ ಇಂದು ಉಳಿದಿರುವುದು ಈ ಸಂಗ್ರಹಾಲಯದಲ್ಲಿಯೇ.

ಮುಂದೆ ಮದರಾಸಿನ ಸರ್ಜನ್ ಜನರಲ್ ಆಗಿ, ಮಹಿಳೆಯರಿಗೆ ವೈದ್ಯಕೀಯ ಶಿಕ್ಷಣ ದೊರೆಯಲು ಬೆಂಬಲವಿತ್ತರು. 1875ರಲ್ಲಿ ಮೇರಿ ಶಾರ್ಲೀಬ್ ಮೊದಲಾದವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಬಾಲ್ಫೋರ್ 1889ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ನಿಧನರಾದರು.